ಪೇಟಿ ದುರಸ್ತಿ: ಸ್ವರಕ್ಕೆ ಮೊದಲ ಹಕ್ಕು

ರಿಪೇರಿಯಾಗಿ ಬಂದ ಹಾರ್ಮೋನಿಯಂ ಮುಂದಿಟ್ಟುಕೊಂಡಾಗ ಮೊದಲು ಯಾವ ಮನೆಯನ್ನೂ ಒತ್ತಬಾರದು. ಸ್ಟಾಪರ್‌ಗಳನ್ನೆಲ್ಲ ಒಳಗೆ ತಳ್ಳಿ, ತಿದಿಯನ್ನು ನಾಲ್ಕೈದು ಸಲ ಹಾಕಿ, ಕೈಬಿಟ್ಟು ಕಾಯಬೇಕು. ಒಳತಿದಿಯಲ್ಲಿ ತುಂಬಿದ ಗಾಳಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಆ ಕೆಲಸಗಾರನ ಮೊದಲ ಪರೀಕ್ಷೆ. ಆಮೇಲೆ ಸ್ಟಾಪರ್ ಎಳೆದು, ಮನೆ ಮುಟ್ಟದೆ ಮತ್ತೆ ಗಾಳಿ ತುಂಬಬೇಕು. ಎಲ್ಲಾದರೂ ಒಂದು ಸ್ವರ ತಾನೇ ಸಣ್ಣಗೆ ಕೂಗಿದರೆ ಆ ಮನೆಯ ಕೆಳಗಿನ ಮುಚ್ಚಳ ಸರಿಯಾಗಿ ಕೂತಿಲ್ಲ. ಇಷ್ಟಾದ ಮೇಲೆ ಒಂದೇ ಮನೆ ಒತ್ತಿ, ತಿದಿಯನ್ನು ಆದಷ್ಟು ಮೆಲ್ಲಗೆ ಆಡಿಸಬೇಕು. ಕಡಿಮೆ ಗಾಳಿಗೆ ಸ್ವರ ಏಳುತ್ತದೆಯೋ ಇಲ್ಲವೋ ಆಗ ತಿಳಿಯುತ್ತದೆ. ಪಾಲಿಶು ನೋಡುವುದು ಇದೆಲ್ಲ ಮುಗಿದ ಮೇಲೆ.

ನಮ್ಮ ಕಡೆ ಈ ಕ್ರಮ ತಲೆಕೆಳಗಾಗಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸುತ್ತಲಿನ ಊರುಗಳಲ್ಲಿ ಹಳೆಯ ಪೇಟಿಗಳಿಗೆ ಕೊರತೆಯಿಲ್ಲ. ಮಠದ ಕಪಾಟಿನಲ್ಲಿ, ಹನುಮಪ್ಪನ ಗುಡಿಯ ಮೂಲೆಯಲ್ಲಿ, ಶ್ರೀಕೃಷ್ಣ ಪಾರಿಜಾತ ಆಡುವ ಮೇಳದವರ ಮನೆಯ ಅಟ್ಟದಲ್ಲಿ ಅವು ಸಿಗುತ್ತವೆ. ಅವುಗಳಿಗೆ ದುರಸ್ತಿಯೂ ನಡೆಯುತ್ತದೆ. ಆದರೆ ಬಹುಪಾಲು ದುರಸ್ತಿಯಲ್ಲಿ ಕಟ್ಟಿಗೆ ಉಳಿದು ಸ್ವರ ಹೋಗುತ್ತದೆ. ಬದಲಿಸಬಹುದಾದದ್ದನ್ನು ಜೋಪಾನ ಮಾಡಿ, ಬದಲಿಸಬಾರದ್ದನ್ನು ಕಿತ್ತೆಸೆಯುವ ಈ ಪದ್ಧತಿಯನ್ನು ಇಲ್ಲಿ ಸ್ವಲ್ಪ ಬಿಚ್ಚಿ ನೋಡಬೇಕೆಂದಿದ್ದೇನೆ.

ಈ ವಾದ್ಯ ಇಲ್ಲಿ ಬೇರೂರಿದ ಬಗೆಯನ್ನು ಮರೆತರೆ ಅದರ ಬೆಲೆ ತಿಳಿಯುವುದಿಲ್ಲ. ಪ್ಯಾರಿಸ್ಸಿನಲ್ಲಿ ಅಲೆಕ್ಸಾಂದ್ರ್ ದೆಬೆನ್ ಹಾರ್ಮೋನಿಯಂಗೆ ಪೇಟೆಂಟ್ ಪಡೆದದ್ದು 1840ರಲ್ಲಿ. ಅದು ಕಾಲಲ್ಲಿ ತಿದಿ ಒತ್ತುವ, ಕುರ್ಚಿಯ ಮೇಲೆ ಕೂತು ನುಡಿಸುವ ವಾದ್ಯ. ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದರಲ್ಲಿ ನುಡಿಸುವ ನಮ್ಮ ಪೇಟಿಗೆ ರೂಪ ಕೊಟ್ಟವರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಮುಖ್ಯರು. ಅವರ ದ್ವಾರ್ಕಿನ್ ಅಂಗಡಿ ಶುರುವಾದದ್ದು 1875ರಲ್ಲಿ. ನಮ್ಮ ಭಾಗಕ್ಕೆ ಪೇಟಿ ಬಂದದ್ದು ಮಾತ್ರ ಪಶ್ಚಿಮದ ದಾರಿಯಿಂದ, ಮರಾಠಿ ಸಂಗೀತ ನಾಟಕಗಳ ಜೊತೆಗೆ. ಜಮಖಂಡಿ, ಮಿರಜ, ಸಾಂಗ್ಲಿ ಮೂರೂ ಪಟವರ್ಧನರ ಸಂಸ್ಥಾನಗಳಾಗಿದ್ದವು. ಅಥಣಿ ದಾಟಿದರೆ ಮಿರಜ, ಅಲ್ಲಿ ಸಿತಾರ್ ತಂಬೂರಿ ಮಾಡುವವರ ಓಣಿ. ಹಾಡು, ಹಾಡುವವರು, ವಾದ್ಯ ಎಲ್ಲವೂ ಈ ದಾರಿಯಲ್ಲಿ ಹೋಗಿ ಬರುತ್ತಿದ್ದವು. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಮುಂಬೈ ಸಿನಿಮಾದಲ್ಲಿ ಹೆಸರಾದರು. ಅವರ ಅಕ್ಕ ಗೋಹರಬಾಯಿ ಬಾಲಗಂಧರ್ವರ ರಂಗಭೂಮಿಗೆ ಸೇರಿದರು. ನಾಟಕದ ಪೇಟಿಯ ಸದ್ದು ಈ ಊರುಗಳ ಕಿವಿಗೆ ಅಷ್ಟು ಹತ್ತಿರದ್ದಾಗಿತ್ತು.

ಆ ಸದ್ದಿಗೆ ಇಲ್ಲಿ ಸಿಕ್ಕ ದೊಡ್ಡ ಆಸರೆ ಶ್ರೀಕೃಷ್ಣ ಪಾರಿಜಾತ. ಕುಲಗೋಡು ತಮ್ಮಣ್ಣ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆಸಿದ ಈ ಆಟ ಲೋಕಾಪುರದಂಥ ಊರುಗಳಲ್ಲಿ ಮನೆಮಾತು. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಅದನ್ನು ಊರೂರಿಗೆ ಒಯ್ದರು. ರಾತ್ರಿಯಿಡೀ ನಡೆಯುವ ಈ ಆಟದಲ್ಲಿ ಹಾಡು ನಿಂತಲ್ಲಿ ಕಥೆ ನಿಲ್ಲುತ್ತದೆ, ಪೇಟಿ ನಿಂತಲ್ಲಿ ಹಾಡು ನಿಲ್ಲುತ್ತದೆ. 1940ರಿಂದ ಸುಮಾರು ಮೂರು ದಶಕ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. 1950ರಲ್ಲಿ ಧಾರವಾಡ ನಿಲಯ ಶುರುವಾದಾಗಲೂ ಆ ನಿಷೇಧ ಇತ್ತು. ಬೆಳಗಾವಿಯ ಪಂಡಿತ್ ರಾಮಭಾವು ವಿಜಾಪುರೆ (1917–2010) ಅಂಥವರು ಕಚೇರಿಗಳಲ್ಲಿ ಈ ವಾದ್ಯದ ಮಾನ ಎತ್ತಿ ಹಿಡಿದರು. ಊರಲ್ಲಿ ಪೇಟಿಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಸೋಮವಾರದ ಭಜನೆ, ಅಮಾವಾಸ್ಯೆಯ ತತ್ತ್ವಪದ, ಜಾತ್ರೆಯ ಪಾರಿಜಾತ ಅದನ್ನು ಸಾಕಿದವು. ಆದ್ದರಿಂದ ಇಲ್ಲಿಯ ಒಂದು ಹಳೆಯ ಪೇಟಿಯನ್ನು ಕೆಡಿಸುವುದೆಂದರೆ ಒಂದು ಊರು ಕಿವಿಯಲ್ಲಿ ಕಾಪಾಡಿಕೊಂಡು ಬಂದ ಶ್ರುತಿಯನ್ನು ಕೆಡಿಸುವುದು. ಈ ಮಾತನ್ನು ನಾನು ಭಾರ ಹಾಕಿಯೇ ಹೇಳುತ್ತಿದ್ದೇನೆ.

ಮುಧೋಳ ತಾಲ್ಲೂಕಿನ ತಿಮ್ಮಾಪುರದ ಒಂದು ಭಜನಾ ಮೇಳದ ಪೇಟಿಯನ್ನೇ ತೆಗೆದುಕೊಳ್ಳೋಣ. ಎರಡು ಬೇರೆ ಬೇರೆ ಕೈಗಳ ದುರಸ್ತಿ ಕಂಡ ಪೆಟ್ಟಿಗೆ ಅದು. ಹೀಗಾಗಿ ಎರಡನ್ನೂ ಒಂದೇ ಮೈಮೇಲೆ ಹೋಲಿಸಿ ನೋಡಬಹುದು. ಸಾಗವಾನಿ ಕಟ್ಟಿಗೆ, ಮೂರೂವರೆ ಸಪ್ತಕ, 42 ಮನೆ, ಎರಡು ಸಾಲು ಸ್ವರ. ಅಂದರೆ ಒಳಗೆ 84 ಹಿತ್ತಾಳೆ ನಾಲಿಗೆಗಳು. ತಗ್ಗು ದನಿಯ ಖರ್ಜದ ಸಾಲು ಒಂದು, ಅದಕ್ಕಿಂತ ಮೇಲಿನ ನರ್ ಸಾಲು ಒಂದು. ‘ಜರ್ಮನ್ ಸ್ವರ’ ಎಂದು ಹಿರಿಯರು ಹೆಮ್ಮೆಯಿಂದ ಹೇಳುವ ಜಾತಿಯದು.

ಅದು ಕೆಟ್ಟದ್ದಕ್ಕೆ ಕಾರಣ ನಿಗೂಢವೇನಲ್ಲ. ನಮ್ಮ ಬೇಸಿಗೆ ಕಟ್ಟಿಗೆಯ ನೀರು ಹೀರುತ್ತದೆ, ಮಳೆಗಾಲ ಮತ್ತೆ ಕುಡಿಸುತ್ತದೆ. ವರ್ಷ ವರ್ಷವೂ ಹಿಗ್ಗಿ ಕುಗ್ಗಿ ಸ್ವರಗಳು ಕೂತ ಹಲಗೆಯಲ್ಲಿ ಕೂದಲೆಳೆಯಷ್ಟು ಸೀಳು ಬರುತ್ತದೆ. ಅದರ ಮೂಲಕ ಗಾಳಿ ಒಂದು ಸ್ವರದ ಕೋಣೆಯಿಂದ ಪಕ್ಕದ ಕೋಣೆಗೆ ನುಗ್ಗುತ್ತದೆ. ಒಂದು ಮನೆ ಒತ್ತಿದರೆ ಎರಡು ಸ್ವರ ನರಳುತ್ತವೆ. ಎರೆಮಣ್ಣಿನ ನುಣ್ಣನೆ ಧೂಳು ನಾಲಿಗೆ ಮತ್ತು ತಗಡಿನ ನಡುವಿನ ಸಂದಿಗೆ ಸೇರಿದರೆ ಸ್ವರ ಗೊರಗುಡುತ್ತದೆ, ಇಲ್ಲವೇ ಮೂಕವಾಗುತ್ತದೆ. ತಿದಿಯ ಮಡಿಕೆಯ ಚರ್ಮ ಒಣಗಿ ಬಿರಿಯುತ್ತದೆ. ಉಣ್ಣೆಯ ಫೆಲ್ಟನ್ನು ಹುಳ ತಿನ್ನುತ್ತದೆ. ಇಲಿಗೆ ಒಳತಿದಿಗಿಂತ ಒಳ್ಳೆಯ ಗೂಡು ಬೇರಿಲ್ಲ. ಇವು ಒಂದೊಂದೂ ಬಿಡಿಯಾಗಿ ಸರಿಪಡಿಸಬಹುದಾದ ಕಾಯಿಲೆಗಳು. ಯಾವುದೂ ಪೇಟಿಯ ಸಾವಲ್ಲ.

ಮೊದಲ ದುರಸ್ತಿ ಪಟ್ಟಣದ ಒಂದು ಅಂಗಡಿಯದು. ಪೇಟಿ ಮರಳಿ ಬಂದಾಗ ಕಣ್ಣಿಗೆ ಹಬ್ಬವಾಗಿತ್ತು. ಹಳೆಯ ಅರಗಿನ ಪಾಲಿಶ್ ಉಜ್ಜಿ ತೆಗೆದು ಹೊಳೆಯುವ ವಾರ್ನಿಶ್ ಬಳಿದಿದ್ದರು. ತಿದಿಗೆ ದಪ್ಪ ರೆಕ್ಸಿನ್ ಹಚ್ಚಿದ್ದರು. ಒಳಗಿನ 84 ಸ್ವರಗಳನ್ನೂ ತೆಗೆದು ಹೊಸ ಸೆಟ್ ಕೂರಿಸಿದ್ದರು. ಮೇಳದ ಹಿರಿಯರೊಬ್ಬರು ಹಟ ಹಿಡಿದು ಕೇಳಿದ್ದರಿಂದ ಹಳೆಯ ಸ್ವರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟಿದ್ದರು. ಆ ಹಟ ಮುಂದೆ ಬಹಳ ಕೆಲಸಕ್ಕೆ ಬಂತು. ನುಡಿಸಿ ನೋಡಿದರೆ ಸದ್ದು ಜೋರು, ಆದರೆ ತೆಳು. ತಿದಿ ಗಡಸು. ಮೊದಲು ಎರಡು ಬೆರಳಲ್ಲಿ ಹಾಕುತ್ತಿದ್ದ ಗಾಳಿಗೆ ಈಗ ಅಂಗೈ ಬೇಕು. ಮೆಲ್ಲಗೆ ಶುರುವಾಗುವ ತತ್ತ್ವಪದಕ್ಕೆ ಸ್ವರ ಏಳುವುದೇ ಇಲ್ಲ, ಎದ್ದರೆ ಒಮ್ಮೆಲೇ ಕಿರುಚಿಕೊಂಡು ಏಳುತ್ತದೆ. ಇದನ್ನು ದುರಸ್ತಿ ಎಂದು ಒಪ್ಪುವುದು ನನಗೆ ಸಾಧ್ಯವಿಲ್ಲ. ಹಳೆಯ ಡಬ್ಬಿಯಲ್ಲಿ ಬೇರೊಂದು ವಾದ್ಯ ತುಂಬಿ ಕೊಟ್ಟದ್ದು ಅದು.

ಹೊಸ ಸ್ವರ ಹಾಕಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ಹೀಗಾಗಿ ಸ್ವರದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಹಿತ್ತಾಳೆ ತಗಡು, ಅದರ ನಡುವೆ ಉದ್ದನೆಯ ಸೀಳು, ಆ ಸೀಳಿನ ಮೇಲೆ ಒಂದು ತುದಿ ರಿವೆಟ್ ಆಗಿ ಇನ್ನೊಂದು ತುದಿ ಬಿಡುವಾಗಿರುವ ನಾಲಿಗೆ. ಗಾಳಿ ಬಂದಾಗ ಅದು ಸೀಳಿನೊಳಗೆ ಹೋಗಿ ಬಂದು ಮಿಡಿಯುತ್ತದೆ. ನಾಲಿಗೆಯ ಅಂಚಿಗೂ ಸೀಳಿನ ಅಂಚಿಗೂ ನಡುವೆ ಇರುವ ಜಾಗ ಎಷ್ಟು ಕಡಿಮೆಯೋ ಅಷ್ಟು ಕಡಿಮೆ ಗಾಳಿ ಪೋಲಾಗುತ್ತದೆ, ಅಷ್ಟು ಬೇಗ ಸ್ವರ ಏಳುತ್ತದೆ. ಆದರೆ ತಾಗಬಾರದು. ತಾಗಿದರೆ ಗೊರಗೊರ. ಒಳ್ಳೆಯ ಹಳೆಯ ಸ್ವರಗಳಲ್ಲಿ ಈ ಹೊಂದಿಕೆಯನ್ನು ಕೈಯಿಂದ ಅರ ಹಾಕಿ ಸಾಧಿಸಿರುತ್ತಾರೆ. ಅಗ್ಗದ ಹೊಸ ಸೆಟ್ಟುಗಳಲ್ಲಿ ಯಂತ್ರ ಒತ್ತಿದ ಸೀಳು ಸಡಿಲವಾಗಿರುತ್ತದೆ, ಅದನ್ನು ತುಂಬಲು ಗಾಳಿ ಹೆಚ್ಚು ಬೇಕು. ಅಂಗೈ ಬೇಕಾದದ್ದು ಇದಕ್ಕಾಗಿಯೇ.

ಇನ್ನೊಂದು ವಿಷಯ ನಾಲಿಗೆಯ ಎತ್ತರ. ನಾಲಿಗೆಯ ತುದಿ ತಗಡಿನಿಂದ ಕೊಂಚ ಮೇಲೆದ್ದಿರಬೇಕು. ತೀರ ಮೇಲೆದ್ದರೆ ಸ್ವರ ತಡವಾಗಿ ಬರುತ್ತದೆ. ತೀರ ಕೆಳಗೆ ಕೂತರೆ ಜೋರು ಗಾಳಿಗೆ ಉಸಿರುಕಟ್ಟಿ ನಿಂತುಬಿಡುತ್ತದೆ. ಇದನ್ನು ಸರಿಪಡಿಸಲು ಹೊಸ ಸ್ವರ ಬೇಕಿಲ್ಲ, ನುರಿತ ಬೆರಳು ಸಾಕು. ಧೂಳು ಕೂತದ್ದಕ್ಕೆ ಮೆತ್ತನೆ ಬ್ರಶ್ ಮತ್ತು ನಾಲಿಗೆಯ ಕೆಳಗೆ ಜಾರಿಸುವ ತೆಳು ಕಾಗದ ಸಾಕು. ರಿವೆಟ್ ಸಡಿಲಾಗಿದ್ದರೆ ಬಡಿದು ಬಿಗಿ ಮಾಡಬಹುದು. ನಾಲಿಗೆಯೇ ಬುಡದಲ್ಲಿ ಸೀಳಿದ್ದರೆ ಮಾತ್ರ ಉಪಾಯವಿಲ್ಲ. ಆ ಸ್ವರದ ಶ್ರುತಿ ಇದ್ದಕ್ಕಿದ್ದಂತೆ ಇಳಿಯುತ್ತದೆ, ಕೆಲವು ದಿನಕ್ಕೆ ಮುರಿಯುತ್ತದೆ. ಅದೊಂದನ್ನು ಬದಲಿಸಬೇಕು. ಒಂದು ಪೇಟಿಯಲ್ಲಿ ಅಂಥವು ಹೆಚ್ಚಿರುವುದಿಲ್ಲ. 84ನ್ನೂ ತೆಗೆದದ್ದು ಅಂಗಡಿಯ ಅನುಕೂಲಕ್ಕೆ, ಏಕೆಂದರೆ ಒಂದೊಂದನ್ನೂ ಕೇಳುತ್ತ ಕೂರುವುದಕ್ಕಿಂತ ಸೆಟ್ ಬದಲಿಸುವುದು ಬೇಗ ಮುಗಿಯುತ್ತದೆ.

ಎರಡನೆಯ ದುರಸ್ತಿಯನ್ನು ಮಾಡಿದವರು ಮಿರಜ ಕಡೆ ಕೆಲಸ ಕಲಿತ ಒಬ್ಬ ಹಿರಿಯ ಕುಶಲಿ. ಅವರು ಚೀಲದಲ್ಲಿದ್ದ ಹಳೆಯ ಸ್ವರಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೂ ಬಾಯಿಂದ ಊದಿ ಕೇಳಿದರು. “ಕಟಗಿ ಒಣಗೇತ್ರಿ, ಸ್ವರ ಸತ್ತಿಲ್ಲ” ಎಂದರು. ಬಹುಪಾಲು ಹಳೆಯವನ್ನೇ ಮತ್ತೆ ಕೂರಿಸಿದರು. ಹಲಗೆಯ ಸೀಳಿಗೆ ಅದೇ ಜಾತಿಯ ಕಟ್ಟಿಗೆಯ ತೆಳು ಚೂರು ತುಂಬಿದರು. ರೆಕ್ಸಿನ್ ಕಿತ್ತು ಮೇಕೆಯ ತೆಳು ಚರ್ಮ ಹಚ್ಚಿದರು. ಮುಚ್ಚಳಗಳಿಗೆ ಹೊಸ ಚರ್ಮ, ಹೊಸ ಫೆಲ್ಟ್. ಹೊರಗಿನ ವಾರ್ನಿಶ್ಶನ್ನು ಹಾಗೇ ಬಿಟ್ಟರು, ಅದರಿಂದ ಸ್ವರಕ್ಕೇನೂ ಆಗುವುದಿಲ್ಲವಲ್ಲ. ಈಗ ಆ ಪೇಟಿ ಎರಡು ಬೆರಳಿನ ಗಾಳಿಗೆ ಏಳುತ್ತದೆ. ಖರ್ಜ ನೆಲದಿಂದ ಬಂದಂತೆ ಬರುತ್ತದೆ.

ಫೆಲ್ಟಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಮೈಕ್ ಇಲ್ಲದ ಕಾಲದಲ್ಲಿ ಮನೆಗಳ ಟಕಟಕ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ಈಗ ಪಾರಿಜಾತದಲ್ಲೂ ಭಜನೆಯಲ್ಲೂ ಮೈಕನ್ನು ಪೇಟಿಯ ಬಾಯಿಗೇ ಇಡುತ್ತಾರೆ. ಕಟ್ಟಿಗೆ ಬಡಿಯುವುದು, ಸ್ಪ್ರಿಂಗ್ ಕಿರುಗುಡುವುದು, ತಿದಿಯ ಸೋರುವಿಕೆ ಎಲ್ಲವೂ ಊರಿಗೆಲ್ಲ ಕೇಳುತ್ತದೆ. ಹಿಂದೆ ನಡೆದುಹೋಗುತ್ತಿದ್ದ ದುರಸ್ತಿ ಇಂದು ಸಾಲದು. ಹಳೆಯ ಕುಶಲಿಗಳಲ್ಲಿ ಕೆಲವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಈ ಕೆಲಸಗಾರ ತೆಗೆದುಕೊಂಡಿದ್ದರು.

ಆದರೂ ಎರಡನೆಯ ದುರಸ್ತಿಯನ್ನು ಪೂರ್ತಿ ಹೊಗಳಲಾರೆ. ತಕರಾರು ಇರುವುದು ಶ್ರುತಿ ಕೂಡಿಸಿದ ಬಗೆಯಲ್ಲಿ. ನಾಲಿಗೆಯ ತುದಿಯಲ್ಲಿ ಅರ ಹಾಕಿದರೆ ಸ್ವರ ಏರುತ್ತದೆ, ಬುಡದಲ್ಲಿ ಹಾಕಿದರೆ ಇಳಿಯುತ್ತದೆ. ಎರಡರಲ್ಲೂ ಲೋಹ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಅರ ಹಿಡಿಯುವ ಮುನ್ನ ಯಾರು ಹಾಡುತ್ತಾರೆ, ಯಾವ ಮನೆಯನ್ನು ಷಡ್ಜ ಮಾಡಿಕೊಳ್ಳುತ್ತಾರೆ ಎಂದು ಕೇಳಬೇಕು. ಇವರು ಕೇಳಿದರು, ಆದರೆ ಹಿರಿಯರನ್ನು ಮಾತ್ರ. ಹಿರಿಯರ ಷಡ್ಜ ಕರಿ ಎರಡು, ಅಂದರೆ ಸಪ್ತಕದ ಎರಡನೆಯ ಕರಿ ಮನೆ. ಅದಕ್ಕೆ ಹೊಂದುವಂತೆ ಗಾಂಧಾರ ಕೂಡಿಸಿದರು. ಸಾಮಾನ್ಯ ಪೇಟಿಯಲ್ಲಿ ಹನ್ನೆರಡು ಸ್ವರಗಳನ್ನು ಸಮ ಅಂತರದಲ್ಲಿ ಹಂಚಿರುತ್ತಾರೆ. ಅರ್ಧ ಸ್ವರದ ಅಂತರವನ್ನು ನೂರು ಭಾಗ ಮಾಡಿದರೆ, ಅದರ ಶುದ್ಧ ಗಾಂಧಾರ ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಸುಮಾರು 14 ಭಾಗ ಮೇಲಿರುತ್ತದೆ. ತಂಬೂರಿಗೆ ಪಳಗಿದ ಕಿವಿಗೆ ಅದು ಚುಚ್ಚುತ್ತದೆ. ಇಳಿಸಿದಾಗ ಸ್ವರ ಷಡ್ಜದಲ್ಲಿ ಕರಗಿ ನಿಲ್ಲುತ್ತದೆ. ಕರಿ ಎರಡಕ್ಕೆ ಗಾಂಧಾರ ಬಿಳಿ ಐದು. ಅದನ್ನವರು ಬಹಳ ಚೆನ್ನಾಗಿ ಇಳಿಸಿದ್ದಾರೆ. ಹಿರಿಯರು ಹಾಡುವಾಗ ಕೇಳಬೇಕು, ಮೈ ಜುಮ್ಮೆನ್ನುತ್ತದೆ.

ಮೇಳದ ಕಿರಿಯರು ಬಿಳಿ ನಾಲ್ಕಕ್ಕೆ ಹಾಡುತ್ತಾರೆ. ಆಗ ಅದೇ ಬಿಳಿ ಐದು ರಿಷಭವಾಗುತ್ತದೆ. ಇಳಿದ ರಿಷಭ. ಇಡೀ ಪದ ಅಲ್ಲಿ ಕುಸಿಯುತ್ತದೆ. ಒಬ್ಬರ ಗಾಂಧಾರ ಇನ್ನೊಬ್ಬರ ರಿಷಭವನ್ನು ತಿಂದಿತು.

ಇದು ನಮ್ಮ ಸುತ್ತಲ ನೆಲದಲ್ಲೇ ನೂರು ವರ್ಷಕ್ಕೂ ಹಳೆಯ ಚರ್ಚೆ. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ ಮತ್ತು ನ್ಯಾಯಾಧೀಶರಾಗಿದ್ದ ಇ. ಕ್ಲೆಮೆಂಟ್ಸ್ 22 ಶ್ರುತಿಗಳನ್ನು ಪೇಟಿಯಲ್ಲಿ ತರಬೇಕೆಂದು ಶ್ರುತಿ ಹಾರ್ಮೋನಿಯಂ ಮಾಡಿಸಿದರು. ಮಿರಜದಲ್ಲಿ ನೆಲೆಸಿದ ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರ ಕಂಠ ಆ ಪ್ರಯೋಗಗಳಿಗೆ ನೆರವಾಯಿತು. 1916ರ ಬರೋಡ ಸಂಗೀತ ಪರಿಷತ್ತಿನಲ್ಲಿ ಆ ವಾದ್ಯ ಚರ್ಚೆಗೆ ಬಂತು, ಬಳಕೆಯಲ್ಲಿ ಮಾತ್ರ ನಿಲ್ಲಲಿಲ್ಲ. ಅವರು ಎತ್ತಿದ ಪ್ರಶ್ನೆ ಇವತ್ತಿಗೂ ಪ್ರತಿ ದುರಸ್ತಿಯಲ್ಲಿ ಏಳುತ್ತದೆ. ನನ್ನ ಅಭಿಪ್ರಾಯ ಇಷ್ಟು: ಒಂದೇ ಶ್ರುತಿಯಲ್ಲಿ ಇಡೀ ರಾತ್ರಿ ಹಾಡುವ ಪಾರಿಜಾತದ ಮೇಳಕ್ಕೆ ಗಾಂಧಾರ ಕೂಡಿಸಿದ ಪೇಟಿ ವರ. ಹಾಡುವವರು ಪದಕ್ಕೊಬ್ಬರಂತೆ ಬದಲಾಗುವ ಭಜನೆಗೆ ಸಮ ಅಂತರದ ಪೇಟಿಯೇ ನ್ಯಾಯ. ತಿಮ್ಮಾಪುರದ ಪೇಟಿಯಲ್ಲಿ ಎರಡು ಸಾಲು ಸ್ವರಗಳಿದ್ದವು. ಖರ್ಜದ ಸಾಲನ್ನು ಸಮಕ್ಕೆ ಬಿಟ್ಟು ನರ್ ಸಾಲಿನಲ್ಲಿ ಗಾಂಧಾರ ಕೂಡಿಸಿ, ಸ್ಟಾಪರ್‌ನಿಂದ ಒಂದೊಂದನ್ನೇ ಬಳಸುವಂತೆ ಮಾಡಬಹುದಿತ್ತು. ಎರಡೂ ಸಾಲು ಒಟ್ಟಿಗೆ ನುಡಿಯುವ ತುಂಬುನಾದ ಆಗ ಕೈತಪ್ಪುತ್ತದೆ, ನಿಜ. ಆ ಆಯ್ಕೆಯನ್ನು ಮೇಳದ ಮುಂದೆ ಇಡಬೇಕಾಗಿತ್ತು.

ಅರದ ವಿಷಯಕ್ಕೇ ಸೇರಿದ ಇನ್ನೊಂದು ಆತುರವಿದೆ. ಹಳೆಯ ಪೇಟಿಗಳ ಶ್ರುತಿ ಇಂದಿನ 440 ಹರ್ಟ್ಸ್ ಅಳತೆಗೆ ಕೂಡದಿರುವುದುಂಟು. ಫ್ರಾನ್ಸ್ 1859ರಲ್ಲಿ ಗೊತ್ತುಪಡಿಸಿದ್ದು 435. ಎರಡರ ನಡುವಿನ ಅಂತರ ಅರ್ಧ ಸ್ವರದ ಐದನೆಯ ಒಂದು ಭಾಗದಷ್ಟು. ಮೊಬೈಲಿನಲ್ಲಿ ಟ್ಯೂನರ್ ತೆರೆದು, ಮುಳ್ಳು ನಡುವೆ ನಿಲ್ಲಲಿಲ್ಲವೆಂದು 84 ನಾಲಿಗೆಗಳನ್ನೂ ಉಜ್ಜುವುದನ್ನು ಕಂಡರೆ ಸಂಕಟವಾಗುತ್ತದೆ. ಜೊತೆಯಲ್ಲಿ ಕ್ಯಾಸಿಯೊ ನುಡಿಸುವವರಿದ್ದರೆ ಬೇರೆ ಮಾತು. ತಬಲಾ ಮತ್ತು ತಾಳ ಮಾತ್ರ ಇದ್ದರೆ ತಬಲಾವನ್ನೇ ಪೇಟಿಗೆ ಕೂಡಿಸಿಕೊಳ್ಳಬಹುದು, ಕಂಠಕ್ಕಂತೂ 440 ಎಂಬುದಿಲ್ಲ. ಪೇಟಿ ತನ್ನೊಳಗೆ ತಾನು ಕೂಡಿದ್ದರೆ ಸಾಕು.

ಅಂಟಿನ ಆಯ್ಕೆಯಲ್ಲೂ ಇದೇ ದೂರದೃಷ್ಟಿ ಬೇಕು. ಹಿಂದಿನ ಬಡಗಿಗಳು ಮರವಜ್ರ ಕುದಿಸಿ ಹಚ್ಚುತ್ತಿದ್ದರು. ಬಿಸಿ ಮತ್ತು ತೇವ ತಾಗಿಸಿದರೆ ಅದು ಬಿಡುತ್ತದೆ, ಮುಂದಿನ ಕೆಲಸಗಾರ ಕಟ್ಟಿಗೆ ಮುರಿಯದೆ ಜೋಡಣೆ ಬಿಚ್ಚಬಹುದು. ಇಂದಿನ ಬಿಳಿ ಅಂಟು ಒಮ್ಮೆ ಹಿಡಿದರೆ ಕಟ್ಟಿಗೆ ಸೀಳುತ್ತದೆಯೇ ಹೊರತು ಜೋಡಣೆ ಬಿಡುವುದಿಲ್ಲ. ಹೊರಗಿನ ಚೌಕಟ್ಟಿಗೆ ಅದು ನಡೆಯುತ್ತದೆ. ಸ್ವರದ ಹಲಗೆಗೂ ತಿದಿಯ ಮಡಿಕೆಗೂ ಅದನ್ನು ಹಚ್ಚುವವರು ಮುಂದಿನ ದುರಸ್ತಿಯ ಬಾಗಿಲು ಮುಚ್ಚುತ್ತಾರೆ. ಪಟ್ಟಣದ ಅಂಗಡಿಯವರು ಹಚ್ಚಿದ್ದು ಬಿಳಿ ಅಂಟನ್ನೇ, ಅದನ್ನು ಕೆರೆದು ತೆಗೆಯಲು ಎರಡನೆಯವರು ಪಟ್ಟ ಪಾಡು ಸ್ವರಗಳ ಕೆಲಸಕ್ಕಿಂತ ಹೆಚ್ಚಿನದು.

ಇದರ ಎದುರು ತುದಿಯ ತಪ್ಪೂ ಇದೆ. ಅಜ್ಜನ ಪೇಟಿ ಎಂದು ಒಂದು ಮೊಳೆಯನ್ನೂ ಬದಲಿಸದೆ ಗಾಜಿನ ಕಪಾಟಿನಲ್ಲಿಡುವವರದು. ಚರ್ಮ, ಫೆಲ್ಟ್, ಸ್ಪ್ರಿಂಗ್ ಇವು ಸವೆಯಲಿಕ್ಕೆಂದೇ ಇರುವ ವಸ್ತುಗಳು. ಅವನ್ನು ಮಾಡಿದವನೂ ಅವು ಶಾಶ್ವತ ಎಂದುಕೊಂಡಿರಲಿಲ್ಲ. ನುಡಿಸದೆ ಇಟ್ಟ ಪೇಟಿಯ ತಿದಿ ಮಡಿಕೆಯಲ್ಲೇ ಬಿರಿಯುತ್ತದೆ, ಧೂಳು ಕೂತಲ್ಲೇ ಗಟ್ಟಿಯಾಗುತ್ತದೆ. ವಾರಕ್ಕೊಮ್ಮೆ ಭಜನೆಯಲ್ಲಿ ಕೂಗುವ ಪೇಟಿ ಕಪಾಟಿನ ಪೇಟಿಗಿಂತ ಹೆಚ್ಚು ಬಾಳುವುದನ್ನು ಯಾವ ಊರಲ್ಲಾದರೂ ನೋಡಬಹುದು.

ಕೂಲಿಯ ಮಾತನ್ನೂ ಬಿಡುವಂತಿಲ್ಲ. ಒಂದೊಂದು ಸ್ವರವನ್ನೂ ಕೇಳಿ, ಕೂರಿಸಿ, ಮತ್ತೆ ಕೇಳುವ ಕೆಲಸ ದಿನಗಟ್ಟಲೆ ಹಿಡಿಯುತ್ತದೆ. ಅಷ್ಟಕ್ಕೆ ಸರಿಯಾದ ಕೂಲಿ ಕೊಟ್ಟರೆ ಪ್ಲೈವುಡ್ಡಿನ ಹೊಸ ಪೇಟಿಯೇ ಬರುತ್ತದೆ ಎಂದು ಮೇಳದವರು ಲೆಕ್ಕ ಹಾಕುತ್ತಾರೆ. ಅವರನ್ನು ದೂರಲಾರೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಲಾ ತಂಡಗಳಿಗೆ ವಾದ್ಯ ಪರಿಕರ ಖರೀದಿಗೆ ಧನಸಹಾಯ ಕೊಡುತ್ತದೆ. ಖರೀದಿಯ ಪಕ್ಕದಲ್ಲಿ ದುರಸ್ತಿಗೂ ಅಷ್ಟೇ ಗೌರವದ ಜಾಗ ಬೇಕು. ಕರ್ನಾಟಕ ಬಯಲಾಟ ಅಕಾಡೆಮಿ ಇರುವುದು ನಮ್ಮ ಬಾಗಲಕೋಟೆಯಲ್ಲೇ. ಕುಣಿತ, ಮಾತು, ಹಾಡು ಕಲಿಸುವ ಶಿಬಿರದಲ್ಲಿ ಪೇಟಿ ಬಿಚ್ಚಿ ಜೋಡಿಸುವುದನ್ನೂ ಕಲಿಸಿದರೆ ಪ್ರತಿ ಮೇಳದಲ್ಲಿ ಒಬ್ಬರಾದರೂ ಧೂಳು ತೆಗೆಯಲು, ಮುಚ್ಚಳದ ಚರ್ಮ ಬದಲಿಸಲು ತಯಾರಾಗುತ್ತಾರೆ. ಅಷ್ಟು ಗೊತ್ತಿದ್ದರೆ ಅರ್ಧದಷ್ಟು ಪೇಟಿಗಳು ಅಂಗಡಿಯ ಮೆಟ್ಟಿಲು ಹತ್ತಬೇಕಾಗಿಲ್ಲ.

ಕೊನೆಯದಾಗಿ ದುರಸ್ತಿ ಮಾಡುವವರಲ್ಲಿ ಒಂದು ಬೇಡಿಕೆ. ಪೇಟಿಯ ಮೇಲ್ಮುಚ್ಚಳದ ಒಳಮೈಯಲ್ಲಿ ಪೆನ್ಸಿಲ್ಲಿನಿಂದ ಬರೆದಿಡಿ: ದುರಸ್ತಿಯಾದ ತಿಂಗಳು, ವರ್ಷ, ಬದಲಿಸಿದ ಸ್ವರ ಯಾವ ಮನೆಯದು, ಗಾಂಧಾರ ಯಾವ ಷಡ್ಜಕ್ಕೆ ಕೂಡಿದೆ, ಹಚ್ಚಿದ ಅಂಟು ಯಾವುದು. ತೆಗೆದ ಹಳೆಯ ಸ್ವರಗಳನ್ನು ಕಾಗದದಲ್ಲಿ ಸುತ್ತಿ, ಮನೆಯ ಹೆಸರು ಬರೆದು, ಪೇಟಿಯವರ ಕೈಗೇ ಕೊಡಿ. ತಿಮ್ಮಾಪುರದ ಮೇಳದವರು ಈಗ ಬಿಳಿ ಐದನ್ನು ಮತ್ತೆ ಏರಿಸುವುದೋ ಬೇಡವೋ ಎಂಬ ಚರ್ಚೆಯಲ್ಲಿದ್ದಾರೆ. ಆ ನಾಲಿಗೆಯಿಂದ ಎಷ್ಟು ಲೋಹ ಹೋಗಿದೆ ಎಂದು ಮುಚ್ಚಳದಲ್ಲಿ ಬರೆದಿದ್ದರೆ ಅದನ್ನು ತೀರ್ಮಾನಿಸುವುದು ಅವರಿಗೆ ಸುಲಭವಾಗುತ್ತಿತ್ತು.